ಮದುವೆಗೆ ಹೋದ ಬೀಸುಕಲ್ಲು

ಕಳುವಾದ ಮನೆಯ ಯಜಮಾನ ಮೊದಲು ಮಾಡುವ ಕೆಲಸವೆಂದರೆ ವಸ್ತು ಇದ್ದ ಜಾಗವನ್ನೇ ಮತ್ತೆ ಮತ್ತೆ ನೋಡುವುದು. ನೋಡಿದರೆ ಅದು ನಾಚಿಕೊಂಡು ವಾಪಸು ಬಂದೀತೆಂಬ ಆಸೆ. ಅಂದು ನಾನೂ ಹಾಗೇ ನಿಂತಿದ್ದೆ. ಕೆರೂರಿನಿಂದ ಬಾದಾಮಿಗೆ ಹೋಗುವ ದಾರಿಯ ನಮ್ಮ ಹಳ್ಳಿಯಲ್ಲಿ, ಹಳೆಯ ಶಾಲೆಯ ಒಂದು ಕೋಣೆಯಲ್ಲಿ, ಊರವರು ಕೊಟ್ಟ ಹಿಂದಿನ ಕಾಲದ ಸಾಮಾನು ಜೋಡಿಸಿ ನಾನೊಂದು ವಸ್ತುಸಂಗ್ರಹಾಲಯ ಮಾಡಿದ್ದೇನೆ. ಬೀಸುಕಲ್ಲು, ಒನಕೆ, ಕುರುಬರ ಕಂಬಳಿ, ಇಳಕಲ್ಲಿನ ಮಗ್ಗದ ಲಾಳಿ ಎಲ್ಲವೂ ಇವೆ. ಬರುವವರು ಮಾತ್ರ ಇಲ್ಲ. ಪ್ರವಾಸಿಗರ ಕಾರುಗಳು ಗುಹೆಗಳ ಕಡೆ ಓಡುತ್ತವೆ. ಬಾಗಿಲಲ್ಲಿ ನಿಂತು ನಾನು ಕೈ ಬೀಸಿದರೆ ಒಳಗಿನ ಮಕ್ಕಳೂ ಖುಷಿಯಿಂದ ಕೈ ಬೀಸುತ್ತಾರೆ, ಅಷ್ಟೆ.

“ನೋಡಾಕ ಯಾರೂ ಬರಂಗಿಲ್ಲಂದ್ರ ಖೋಲಿ ಗೊಬ್ಬರದ ಚೀಲಕ್ಕ ಬಿಟ್ಟುಕೊಡ್ರಿ ಸರ್” ಎಂದಿದ್ದರು ಪಂಚಾಯಿತಿ ಅಧ್ಯಕ್ಷೆ ಶಾಂತವ್ವ. ಅವರು ಬಂದು ನೋಡಿ ತೀರ್ಮಾನಿಸುವ ಬೆಳಿಗ್ಗೆಯೇ ಬೀಸುಕಲ್ಲು ಮಾಯವಾಗಿತ್ತು. ಕಂಡದ್ದನ್ನು ಕಂಡಂತೆ ಹೇಳುತ್ತೇನೆ: ನೆಲದ ಮೇಲೆ ದುಂಡನೆಯ ಗುರುತು, ಬಾಗಿಲವರೆಗೆ ಎಳೆದ ಗೀರು, ಬೀಗಕ್ಕೆ ಒಂದು ಗಾಯವೂ ಇಲ್ಲ.

“ಕೀಲಿ ನಾನ ಕೊಟ್ಟೇನಿ” ಎಂದಳು ನನ್ನ ಹೆಂಡತಿ. “ನೀಲವ್ವನ ಮನ್ಯಾಗ ಮದುವಿ. ಅರಿಷಿಣ ಬೀಸಾಕ ಊರಾಗ ಯಾರ ಮನ್ಯಾಗೂ ಕಲ್ಲಿಲ್ಲ. ಮಿಕ್ಸರಿಗೆ ಪೂಜಿ ಮಾಡಬೇಕೇನ್ರಿ?”

“ಅದು ಪ್ರದರ್ಶನದ ವಸ್ತು!”

“ಹೌದ್ರಿ, ಅಲ್ಲಿ ಭಾಳ ಮಂದಿ ನೋಡಾಕತ್ತಾರ.”

ಅಷ್ಟರಲ್ಲಿ ಶಾಂತವ್ವ ಬಂದೇಬಿಟ್ಟರು. ಖಾಲಿ ಜಾಗ ತೋರಿಸಿ ವಿವರಿಸುವ ಧೈರ್ಯವಾಗದೆ ಅವರನ್ನು ನೇರ ಮದುವೆಮನೆಗೇ ಕರೆದೊಯ್ದೆ. ಚಪ್ಪರದ ನಡುವೆ ನಮ್ಮ ಕಲ್ಲು ಹೂವು ಮುಡಿದು ಕೂತಿತ್ತು. ಸುತ್ತ ಹೆಂಗಸರು ಹಾಡುತ್ತಿದ್ದರು. ಮದುಮಗಳ ಗೆಳತಿಯರು ಗೂಟ ಹಿಡಿದು ತಿರುಗಿಸಲು ಹೆಣಗುತ್ತಿದ್ದರೆ ನೀಲವ್ವ, “ಹಂಗಲ್ಲs ಹುಡುಗಿ, ಕಾರಿನ ಸ್ಟೇರಿಂಗ್ ಅಲ್ಲ ಇದು” ಎಂದು ಗದರಿಸುತ್ತಿದ್ದಳು. ಶಾಂತವ್ವ ಸೆರಗು ಸಿಕ್ಕಿಸಿಕೊಂಡು ಕೂತು, ತಾವೂ ನಾಲ್ಕು ಸುತ್ತು ತಿರುಗಿಸಿ, ದನಿಗೆ ದನಿ ಕೂಡಿಸಿದರು.

“ಯಾರೂ ಬರಂಗಿಲ್ಲಂದಿದ್ದೆ. ಇವ್ರು ಹೊತ್ತುಕೊಂಡs ಹೋಗ್ಯಾರಲ್ರಿ! ಖೋಲಿ ನಿಮಗs ಇರಲಿ. ಮುಂದ ನಮ್ಮ ಮಗಳ ಮದುವಿ ಐತಿ. ಕಲ್ಲು ಕೊಡ್ತೀನಂತ ಬ್ಯಾರೆಯವ್ರಿಗೆ ಮಾತು ಕೊಡಬ್ಯಾಡ್ರಿ ಮತ್ತ” ಎಂದರು ಶಾಂತವ್ವ.

ಆದ್ದರಿಂದ ನಮ್ಮ ಸಂಗ್ರಹಾಲಯಕ್ಕೆ ಬರುವವರು ದಯವಿಟ್ಟು ಪಂಚಾಂಗ ನೋಡಿ ಬನ್ನಿ. ಒಳ್ಳೆಯ ಮುಹೂರ್ತವಿದ್ದ ದಿನ ಕೋಣೆ ಅರ್ಧ ಖಾಲಿ, ನಾನೂ ಇರುವುದಿಲ್ಲ. ಅಷ್ಟು ಬೆಲೆಬಾಳುವ ವಸ್ತುವನ್ನು ಒಂಟಿಯಾಗಿ ಕಳಿಸುವುದು ಜವಾಬ್ದಾರಿಯ ಲಕ್ಷಣವಲ್ಲ ನೋಡಿ. ಹೋಳಿಗೆ ಬಡಿಸಿ ಮುಗಿಯುವವರೆಗೂ ನಾನು ಅಲ್ಲೇ ಕಾವಲಿರುತ್ತೇನೆ.