ಅಜ್ಜಿಯ ಒಂಟಿ ಹಲ್ಲು

ಸೇಲಂನ ನಮ್ಮ ಕನ್ನಡ ಮಾತಿನ ಮಗ್ಗದ ಬೀದಿಯಲ್ಲಿ ಹುಡುಗಿಯೊಬ್ಬಳು ಹಲ್ಲಿನ ಡಾಕ್ಟರಾಗಲು ಓದುತ್ತಾಳೆಂದು ಗೊತ್ತಾದರೆ ಅವಳ ಪಾಡು ದೇವರಿಗೇ ಪ್ರೀತಿ. ನೀಟ್ ನನಗೆ ಒಮ್ಮೆ ಕೈಕೊಟ್ಟಿತ್ತು. ಈ ಸಲವೂ ಸೀಟು ಸಿಗದಿದ್ದರೆ ಸುಮ್ಮನೆ ಬಿ.ಎಸ್ಸಿ ಸೇರಬೇಕೆಂದು ಅಪ್ಪ ಹೇಳಿಬಿಟ್ಟಿದ್ದರು. ನನಗಾಗಲೇ ಸಾಕು ಸಾಕಾಗಿತ್ತು. ಬೀದಿಗೆ ಮಾತ್ರ ಸುಸ್ತೆಂಬುದೇ ಇರಲಿಲ್ಲ.

ಬಾಯಿ ತೆರೆದವರು

ಪುಸ್ತಕ ಹಿಡಿದು ಜಗಲಿಯಲ್ಲಿ ಕೂತರೆ ಸಾಕು, ಯಾರಾದರೊಬ್ಬರು ಎದುರು ನಿಂತು ಬಾಯಿ ತೆರೆಯುತ್ತಿದ್ದರು. "ನಾನಿನ್ನೂ ಕಾಲೇಜು ಸೇರೇ ಇಲ್ಲ ಅತ್ತೆ" ಅಂದರೆ ಪಕ್ಕದ ಮನೆ ಅತ್ತೆ, "ಪರವಾಯಿಲ್ಲ ನನ್ ಕಣ್ಣು, ಈಗ್ಲೇ ನೋಡ್ಬುಡು. ಸೇರಿದ್ಮೇಲೆ ಫೀಸ್ ಕೇಳ್ತೀಯ" ಅಂದರು.

ಸೋಪಿನ ದವಡೆ

ದಂತ ಕಾಲೇಜಿನಲ್ಲಿ ಓದುವ ಪರಿಚಯದ ಅಕ್ಕ ಒಬ್ಬಳು, "ಅಲ್ಲಿ ಮೇಣದಲ್ಲಿ ಹಲ್ಲು ಕೆತ್ತಿಸ್ತಾರೆ, ಈಗಿಂದಲೇ ಸೋಪಿನಲ್ಲಿ ಕೈ ಪಳಗಿಸ್ಕೋ" ಅಂದಳು. ಫಿಸಿಕ್ಸ್ ತಲೆಗೆ ಹತ್ತದ ದಿನವೆಲ್ಲ ಕೂತು ಕೆತ್ತಿದೆ. ಸೋಪು ದಂಡ ಮಾಡುವ ಮನೆ ನಮ್ಮದಲ್ಲ. ಅಮ್ಮ ಆ ಹಲ್ಲುಗಳನ್ನೆಲ್ಲ ಬಚ್ಚಲಿಗೇ ಇಟ್ಟಳು. ಸ್ನಾನಕ್ಕೆ ಹೋದ ಅಜ್ಜಿ ಒಳಗಿಂದಲೇ ಕೂಗಿದಳು: "ಲೇ, ನನ್ ಬಾಯಲ್ಲಿರೋದು ಒಂದೇ ಅಲ್ಲು. ನಿನ್ ಸೋಪಿನ್ ಡಬ್ಬೀಲಿ ಬಾಯ್ತುಂಬ ಐತಲ್ಲೇ!"

ಆ ಒಂದು ಹಲ್ಲೂ ಅಲುಗಾಡುತ್ತಿತ್ತು, ನೋಯುತ್ತಿತ್ತು. ಕೀಳಿಸೋಣವೆಂದರೆ, "ನನ್ ಮೊಮ್ಮಗ್ಳೇ ಕೀಳ್ಬೇಕು" ಎಂದು ಒಂದೇ ಹಟ. ಗಂಜಿ ಕುಡಿದುಕೊಂಡು ಕಾಯುತ್ತಿದ್ದಳು. ನನ್ನ ರ‍್ಯಾಂಕಿಗಿಂತ ಆ ಹಲ್ಲಿನ ಚಿಂತೆಯೇ ನನಗೆ ಹೆಚ್ಚಾಯಿತು.

ಅಜ್ಜಿ ಹಾಕಿದ ಗಂಟು

ಪರೀಕ್ಷೆ ಧರ್ಮಪುರಿಯಲ್ಲಿತ್ತು. ಹೊರಡುವಾಗ ಅಜ್ಜಿ ಮಗ್ಗದ ರೇಷ್ಮೆ ನೂಲನ್ನು ನನ್ನ ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿದಳು. ಹೊಸ ಸೀರೆ ಶುರುಮಾಡುವಾಗ ಮಗ್ಗಕ್ಕೂ ಹಾಗೇ ಕಟ್ಟುತ್ತಾಳೆ. ಗೇಟಿನಲ್ಲಿ ತಪಾಸಣೆಯ ಹೆಂಗಸು, "ಎನ್ನಮ್ಮಾ ಇದು?" ಎಂದು ತಮಿಳಿನಲ್ಲಿ ಗದರಿ, ಬಿಚ್ಚು ಅಂದರು. ನೇಕಾರರ ಗಂಟು, ಎಳೆದಷ್ಟೂ ಬಿಗಿ. ನಾನು ಎಳೆದೆ, ಆಕೆ ಎಳೆದರು, ಪೊಲೀಸಮ್ಮನೂ ಬಂದು ಎಳೆದರು. ಕತ್ತರಿ ತನ್ನಿ ಅಂದೆ. ಕತ್ತರಿಯನ್ನು ಗೇಟಿನೊಳಗೆ ಬಿಡುವಂತಿಲ್ಲ ಅಂದರು. ಹಿಂದೆ ಸಾಲು ಗೊಣಗುತ್ತಿತ್ತು, ನನಗೆ ಅಳುವೇ ಬಂತು. ಕೊನೆಗೆ ಆಕೆ ನನ್ನ ಕೈಯೆತ್ತಿ ನೂಲನ್ನು ಹಲ್ಲಿನಲ್ಲೇ ಕಡಿದರು. ಅಷ್ಟು ಹತ್ತಿರದಿಂದ ನಾನು ಪರೀಕ್ಷಿಸಿದ ಮೊದಲ ಕೋರೆಹಲ್ಲು ಅದು. ಹುಳುಕಿರಲಿಲ್ಲ.

ಕಡಲೆ ಮಿಠಾಯಿ

ಸೀಟು ಹಂಚುವ ದಿನ ಮನೆಮಂದಿಯೆಲ್ಲ ನನ್ನ ಫೋನಿನ ಮೇಲೆ ಬಗ್ಗಿ ಕೂತೆವು. ಪುಟ ತೆರೆಯಿತು. ದಂತ ವೈದ್ಯಕೀಯ ಸೀಟು ಸಿಕ್ಕಿತ್ತು! ಅಮ್ಮ ಅತ್ತಳು. ಅಪ್ಪ ಮಗ್ಗದಿಂದೆದ್ದ ಬಟ್ಟೆಯಲ್ಲೇ ಅಂಗಡಿಗೆ ಓಡಿ ಕಡಲೆ ಮಿಠಾಯಿ ತಂದರು. ಖುಷಿಯಲ್ಲಿ ಅಜ್ಜಿ ಗಂಜಿಯನ್ನೂ ಮರೆತಳು, ಹಲ್ಲನ್ನೂ ಮರೆತಳು. ಒಂದು ತುಂಡು ಬಾಯಿಗಿಟ್ಟು ಕಡಿದೇಬಿಟ್ಟಳು.

ಕಟಕ್ ಅಂತು. ಅಂಗೈಗೆ ಉಗುಳಿದರೆ ಮಿಠಾಯಿಗೆ ಕಚ್ಚಿಕೊಂಡೇ ಹಲ್ಲು ಬಂದಿತ್ತು.

ನಾನು ಅವಳ ಅಂಗೈಯನ್ನೇ ನೋಡಿದೆ. "ನೀನು ಕಾದಿದ್ದೆಲ್ಲ ದಂಡ ಆಯ್ತಲ್ಲ ಅಜ್ಜೀ" ಅಂದೆ.

ಅಜ್ಜಿ ಬಾಯಿ ಮುಕ್ಕಳಿಸಿ ಬಂದು ನನ್ನ ತಲೆ ಸವರಿದಳು. "ಓಗ್ಲಿ ಬುಡು ಕಣ್ಣು, ನಿಂಗೆ ಕೀಳೋ ಕೆಲ್ಸ ಮುಗೀತು. ಓಗಿ ಅಲ್ಲು ಕಟ್ಟೋದ್ ಕಲ್ತ್ಕೊಂಡ್ ಬಾ. ಅಲ್ಲೀಗಂಟ ನಾನು ಸಾಯಲ್ಲ." ಆಮೇಲೆ ಅಮ್ಮನ ಕಡೆ ತಿರುಗಿದಳು: "ಮಿಕ್ಕಿದ್ ಮಿಠಾಯಿನೂ ಅಲ್ಲೀಗಂಟ ಎತ್ತಿಡು."