ಡೊಂಬಿವಲಿಯವನು ಈಜು ಕಲಿತದ್ದು

ಡೊಂಬಿವಲಿಯ ಈಜುಕೊಳವೊಂದರಲ್ಲಿ ಮಧ್ಯವಯಸ್ಸಿನ ವ್ಯಕ್ತಿಯೊಬ್ಬರು ನೀರಿಗೆ ಇಳಿದಿದ್ದಾರೆ. ಘಟನೆ ನಡೆದಾಗ ನೀರು ಅವರ ಸೊಂಟದವರೆಗೆ ಇತ್ತು. ಮನೆಯವರಿಗೆ ವಿಷಯ ತಿಳಿಸಲಾಗಿದೆ. ಆ ವ್ಯಕ್ತಿ ನಾನೇ. ಈ ವಯಸ್ಸಿನಲ್ಲಿ ಹೊಸದೇನಾದರೂ ಕಲಿಯಲು ಹೊರಟವರಿಗೆ ಇಂಥವು ಒಂದರ ಹಿಂದೊಂದು ಆಗುತ್ತಲೇ ಇರುತ್ತವೆ.

೧. ಭಾಷಣ

ಮಹಾಪೆಯ ನಮ್ಮ ಆಫೀಸಿಗೆ ಒಬ್ಬ ತರಬೇತುದಾರರು ಬಂದು, "ಎಲ್ಲರೂ ಕಂಫರ್ಟ್ ಝೋನ್ ಬಿಟ್ಟು ಹೊರಗೆ ಬನ್ನಿ, ಏನಾದರೂ ಹೊಸ ವಿದ್ಯೆ ಕಲಿಯಿರಿ" ಎಂದರು. ನಾನು ದಿನಾ ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆಗೆ ಲೋಕಲ್ ರೈಲಿನಲ್ಲಿ ನಿಂತು, ಅಲ್ಲಿ ಗಾಡಿ ಬದಲಿಸಿ ಮತ್ತೆ ನಿಂತು ಬರುವವನು. ಆ ಝೋನ್ ದಾರಿಯಲ್ಲಿ ಎಲ್ಲಿ ಬರುತ್ತದೆಂದು ಬಹಳ ಯೋಚಿಸಿದೆ. ಹೊಳೆಯಲಿಲ್ಲ.

ಮನೆಯಲ್ಲಿ ಹೆಂಡತಿಗೆ ಹೇಳಿದೆ.

"ಚಾ ಮಾಡ್ಲಿಕ್ಕೆ ಕಲೀರಿ ಮಾರಾಯ್ರೆ. ನಿಮಗೆ ಅದೂ ಹೊಸತೇ ಅಲ್ವಾ?" ಎಂದಳು.

ಒಮ್ಮೆಲೇ ಅಷ್ಟು ದೂರ ಹೋಗುವುದು ಬೇಡವೆಂದು ಈಜು ಆರಿಸಿಕೊಂಡೆ.

೨. ಸಮುದ್ರ

ಈಜು ಕಲಿಸುವ ಮಾಸ್ತರರು ವಿಜಯಪುರದ ಕಡೆಯವರು. ನನ್ನ ಊರು ಉಡುಪಿ ಎಂದು ಕೇಳಿ ಬೆಚ್ಚಿಬಿದ್ದರು.

"ಏನ್ರೀ ಸಾಹೇಬ್ರ, ಸಮುದ್ರದ ಬಾಜೂಕ ಹುಟ್ಟಿ ಈಸಾಕ ಬರೂದಿಲ್ಲಂದ್ರ ಹ್ಯಾಂಗ್ರೀ?"

"ಸಮುದ್ರ ಇದ್ದದ್ದು ನೋಡ್ಲಿಕ್ಕೆ. ನಾವು ದಡದಲ್ಲಿ ನಿಂತು ಚುರುಮುರಿ ತಿಂದು ಬರ್ತಿದ್ದೆವು. ನೀವು ಹೇಗೆ ಕಲಿತದ್ದು?"

"ನಮ್ಮ ಕಡೆ ಹುಡುಗರನ್ನ ಬಾವ್ಯಾಗ ಒಗೀತಾರ್ರೀ. ಮ್ಯಾಲ ಬಂದ್ರ ಈಸು ಬಂತಂತ ಲೆಕ್ಕ. ಭಾಳ ಚಲೋ ಪದ್ಧತಿ."

"ಮೇಲೆ ಬರದಿದ್ದರೆ?"

"ಪದ್ಧತಿ ಚಲೋ ಅದ ಅಂತ ಮ್ಯಾಲ ಬಂದವರಷ್ಟ ಹೇಳ್ತಾರ್ರೀ."

೩. ಲಿಫ್ಟು

ಮಾಸ್ತರರದ್ದು ಒಂದೇ ನಿಯಮ. ತಿಂಗಳ ಕೊನೆಯ ಭಾನುವಾರ ಕೊಳವನ್ನು ಅಡ್ಡಲಾಗಿ, ಈ ಗೋಡೆಯಿಂದ ಆ ಗೋಡೆಗೆ, ಒಬ್ಬರೇ ದಾಟಬೇಕು. ದಾಟದವರು ಮುಂದಿನ ತಿಂಗಳಿಂದ ಮಕ್ಕಳ ಬ್ಯಾಚಿಗೆ.

ಆ ಬ್ಯಾಚಿನಲ್ಲಿ ನಮ್ಮದೇ ಬಿಲ್ಡಿಂಗಿನ ಮೂರನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಾಳೆ. ಅವಳಿಗೆ ಆಗಲೇ ಸುದ್ದಿ ತಿಳಿದಿತ್ತು. ಲಿಫ್ಟಿನಲ್ಲಿ, ಸೊಸೈಟಿಯ ಸೆಕ್ರೆಟರಿಯ ಎದುರಿಗೇ, ಮರಾಠಿಯಲ್ಲಿ ಕೇಳಿದಳು: "ಅಂಕಲ್, ನೀವು ನಮ್ಮ ಬ್ಯಾಚಿಗೆ ಬರ್ತೀರಂತೆ? ಹೆದರಬೇಡಿ. ನನ್ನ ಹಳೇ ಬಾತುಕೋಳಿ ರಿಂಗ್ ಇದೆ, ಕೊಡ್ತೇನೆ."

ಸೆಕ್ರೆಟರಿ ನನ್ನ ಹೊಟ್ಟೆಯನ್ನು ನೋಡಿ, "ಹಿಡಿಸಲಿಕ್ಕಿಲ್ಲ" ಎಂದರು.

೪. ಕಂಬಿ

ನಮ್ಮ ಬ್ಯಾಚಿನವರೆಲ್ಲ ದಿನವೂ ಲೋಕಲ್‌ನಲ್ಲಿ ಓಡಾಡುವವರು. ಕೊಳದ ಗೋಡೆಗೆ ಒಂದು ಕಬ್ಬಿಣದ ಕಂಬಿ ಉಂಟು. ಅದನ್ನು ಹಿಡಿದು ಕಾಲು ಬಡಿಯುವುದೇ ಮೊದಲ ಪಾಠ. ಮೂವರು ಹಿಡಿಯುವ ಜಾಗದಲ್ಲಿ ನಾಲ್ಕನೆಯವರು "ಜರಾ ಸರಕ್ನಾ" ಎಂದು ಬಂದೇ ಬರುತ್ತಿದ್ದರು. ನಾವು ಸರಿಯುತ್ತಲೂ ಇದ್ದೆವು. ಇಳಿಯುವವರ ಸೀಟನ್ನು ಮೊದಲೇ ಕೇಳಿ ಗೊತ್ತು ಮಾಡಿಕೊಳ್ಳುವುದು ನಮ್ಮ ಗಾಡಿಗಳ ವಾಡಿಕೆ. ಕಳವಾ ಸ್ಟೇಷನ್ನಿನ ಹತ್ತಿರ ಕೆಲಸ ಮಾಡುವ ಒಬ್ಬ ಗೃಹಸ್ಥರು ನೀರಿನಲ್ಲೂ ಅದನ್ನೇ ಮಾಡಿ, ನನ್ನ ಜಾಗವನ್ನು ತಮಗೆಂದು ಗೊತ್ತು ಮಾಡಿಕೊಂಡಿದ್ದರು.

"ಎಲ್ಲಾರೂ ಕಂಬಿ ಹಿಡಕೊಂಡ ಕುಂತ್ರ ಈಸಾವ್ರು ಯಾರ್ರೀ?" ಎಂದು ಮಾಸ್ತರರು ಕೂಗಿದರು.

ನಾವೆಲ್ಲ ಅಕ್ಕಪಕ್ಕದವರ ಮುಖ ನೋಡಿದೆವು.

೫. ಕೊನೆಯ ಭಾನುವಾರ

ಪರೀಕ್ಷೆ ನಡೆದ ಜಾಗದಲ್ಲಿ ನೀರು ನನ್ನ ತಲೆಗಿಂತ ಎರಡು ಗೇಣು ಮೇಲಿತ್ತು. ದಡದಲ್ಲಿ ಮಾಸ್ತರರು ಉದ್ದನೆಯ ಬಿದಿರು ಕೋಲು ಹಿಡಿದು ನಿಂತರು. ಹೆಂಡತಿ ಟವೆಲ್ ಹಿಡಿದು ನಿಂತಳು. ಬಾತುಕೋಳಿ ರಿಂಗಿನೊಡನೆ ಹುಡುಗಿಯೂ ಬಂದಿದ್ದಳು.

ಮಾಸ್ತರರು ಸೀಟಿ ಊದಿದರು. ಕಂಬಿ ಬಿಟ್ಟೆ. ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಮೂಗಿಗೆ ನೀರು ಹೊಕ್ಕಿತು. ಕಂಫರ್ಟ್ ಝೋನ್ ಎಂದರೆ ಯಾವುದೆಂದು ನನಗೆ ಆಗ ಖಚಿತವಾಗಿ ತಿಳಿಯಿತು. ಹಿಂದಕ್ಕೆ ತಿರುಗಿದೆ.

ನನ್ನ ಜಾಗದಲ್ಲಿ ಆ ಕಳವಾ ಗೃಹಸ್ಥರು ಎರಡೂ ಕೈಯಿಂದ ಕಂಬಿ ಹಿಡಿದಿದ್ದರು. ಅವರ ಅತ್ತ ಇತ್ತ ಇನ್ನಿಬ್ಬರು ಸೇರಿಕೊಂಡಿದ್ದರು.

"ಭಾಯ್ಸಾಬ್, ಜರಾ ಸರಕ್ನಾ!" ಎಂದು ನೀರು ಉಗುಳುತ್ತ ಕೂಗಿದೆ.

"ಅರೇ, ಆಪ್ ತೋ ಉತರ್ ಗಯೇ ಥೇ ನಾ!" ಎಂದರು. ಇಳಿದುಹೋದವನಿಗೆ ಮತ್ತೆ ಸೀಟು ಬಿಟ್ಟುಕೊಡುವ ಪದ್ಧತಿ ನಮ್ಮ ಲೈನಿನಲ್ಲಿ ಇಲ್ಲ. ಅವರದ್ದು ತಪ್ಪಲ್ಲ.

"ಆ ಕಡೆ ಹೋಗ್ರಿ ಸಾಹೇಬ್ರ, ಆ ಕಡೆ!" ಮಾಸ್ತರರು ಕೂಗಿದರು.

ಆ ಕಡೆ ನೋಡಿದೆ. ಎದುರಿನ ಗೋಡೆಯ ಕಂಬಿ ಈ ತುದಿಯಿಂದ ಆ ತುದಿಯವರೆಗೆ ಪೂರ್ತಿ ಖಾಲಿ. ಬೆಳಿಗ್ಗೆ ಎಂಟರ ಗಾಡಿಯಲ್ಲಿ ಖಾಲಿ ಸೀಟು ಕಂಡರೆ ಡೊಂಬಿವಲಿಯವನು ಏನು ಮಾಡುತ್ತಾನೋ ನಾನೂ ಅದನ್ನೇ ಮಾಡಿದೆ. ನಡುವೆ ನೀರಿತ್ತೆಂಬುದನ್ನು ತಲುಪಿದ ಮೇಲೆ ಗಮನಿಸಿದೆ.

ನಾನು ಪಾಸಾದೆ. ಕಳವಾ ಗೃಹಸ್ಥರು ಕಂಬಿ ಬಿಡಲಿಲ್ಲ. ಈಗ ಮಕ್ಕಳ ಬ್ಯಾಚಿನಲ್ಲಿದ್ದಾರೆ.