ತೋಂಟೇಶನ ಸೂಜಿ ಕುರ್ಚಿ

ಆ ಭಾನುವಾರ ದಾಕ್ಷಾಯಣಿಗೆ ಇದ್ದದ್ದು ಒಂದೇ ಆಸೆ: ಕಾಲು ಚಾಚಿ ಮಲಗುವುದು. ಗದಗದಿಂದ ಮುಂಡರಗಿಗೆ, ಮುಂಡರಗಿಯಿಂದ ಗದಗಕ್ಕೆ ಓಡಾಡುವ ಸರ್ಕಾರಿ ಬಸ್ಸಿನ ಕಂಡಕ್ಟರು ಅವಳು. ಬಸ್ಸಿನಲ್ಲಿ ಕಂಡಕ್ಟರಿಗೊಂದು ಸೀಟು ಇರುತ್ತದೆ ಅನ್ನುವುದು ಬರೀ ಮಾತು. ಅದರ ಮೇಲೆ ಯಾವಾಗಲೂ ಯಾರದೋ ಕೂಸು, ಇಲ್ಲವೇ ಯಾರದೋ ಕುಂಬಳಕಾಯಿ ಕೂತಿರುತ್ತದೆ. ನಿಂತೂ ನಿಂತೂ ಅವಳ ಹಿಮ್ಮಡಿಗಳು ಸುಟ್ಟ ಇಟ್ಟಿಗೆಯ ಹಾಗಾಗಿದ್ದವು.

ಹಾಸಿಗೆಗೆ ಬೆನ್ನು ತಾಗುವಷ್ಟರಲ್ಲಿ ಪಡಸಾಲೆಯಿಂದ ಕೂಗು ಬಂತು.

"ವೈನೀ! ಲಗೂ ಬರ್ರಿ! ಇವತ್ತಿಂದ ಜಗತ್ತ ಬ್ಯಾರೆ ಆಗತೈತಿ!"

ನಾಳೆಯಿಂದ ಆದರೆ ನಡೆಯುವುದಿಲ್ಲವೇ ಎಂದು ಗೊಣಗುತ್ತಾ ಅವಳು ಎದ್ದಳು. ಕೂಗಿದವನು ಮೈದುನ ತೋಂಟೇಶ. ಬೆಟಗೇರಿಯ ಮಗ್ಗಗಳನ್ನು ರಿಪೇರಿ ಮಾಡುವುದರಲ್ಲಿ ಅವನಷ್ಟು ಕೈಚಳಕದವರು ಬೇರೆ ಇರಲಿಲ್ಲ. ಮಗ್ಗಗಳು ಒಂದೊಂದಾಗಿ ನಿಂತ ಮೇಲೆ ಆ ಕೈಗೆ ಕೆಲಸ ಇಲ್ಲವಾಯಿತು. ಕೆಲಸವಿಲ್ಲದ ಆ ಕೈ ಮನೆಗೆ ದೊಡ್ಡ ಅಪಾಯ! ಹೋದ ವರ್ಷ ರೊಟ್ಟಿ ಬಡಿಯುವ ಯಂತ್ರ ಮಾಡಿದ್ದ. ಅದು ರೊಟ್ಟಿಯನ್ನು ಚೆನ್ನಾಗಿಯೇ ಬಡಿಯಿತು. ಆಮೇಲೆ ಎದುರು ಮನೆಯವರ ಮಾಳಿಗೆಗೆ ಎಸೆಯಿತು. ಒಂದನ್ನಲ್ಲ, ಬುಟ್ಟಿಯಷ್ಟನ್ನೂ.

ಪಡಸಾಲೆಯಲ್ಲಿ ಹಳೆಯ ಕಟಿಂಗ್ ಶಾಪಿನ ಕುರ್ಚಿಯೊಂದು ನಿಂತಿತ್ತು. ಅದರ ನೆತ್ತಿಯ ಮೇಲೆ ಬಿಚ್ಚಿದ ಛತ್ರಿಯಂಥ ಮುಚ್ಚಳ, ಮುಚ್ಚಳದ ತುಂಬ ಮಗ್ಗದ ಸರಳುಗಳು, ಪ್ರತಿ ಸರಳಿನ ತುದಿಯಲ್ಲಿ ಕೂದಲೆಳೆಯಂಥ ಸೂಜಿ. ಕೆಳಗೆ ಅತ್ತೆಯ ಉಪ್ಪಿನಕಾಯಿ ಭರಣಿ, ಅದರ ತುಂಬ ಉಪ್ಪುನೀರು, ನೀರಿನಲ್ಲಿ ಎರಡು ವೈರು.

"ಹುಬ್ಬಳ್ಳ್ಯಾಗ ನಾ ನನ್ನ ಬೆನ್ನು ತೋರಸಾಕ ಹೋಗಿದ್ನೆಲ್ಲ, ಆ ಸೂಜಿ ಡಾಕ್ಟರ್ ಹತ್ರ? ಅವರು ಒಂದೊಂದ ಸೂಜಿ ಹುಡುಕಿ ಹುಡುಕಿ ಚುಚ್ಚತಾರ. ನಂದು ಒಮ್ಮಿಗೇ! ನರ ಎಲ್ಲಿ ಮಿಡೀತೈತಿ ಅಂತ ಇದ ಹುಡುಕತೈತಿ. ನೋವು, ತಲಿಬಿಸಿ, ಚಟ, ಏನಿದ್ರೂ ಜಗ್ಗಿ ಭರಣ್ಯಾಗ ಹಾಕತೈತಿ! ಒಬ್ಬೊಬ್ಬರಿಗೂ ಹೊಸಾ ಸೂಜಿ, ಕುದಿಸಿದ್ದು."

"ಮತ್ತ ಭರಣ್ಯಾಗಿನ ಉಪ್ಪಿನಕಾಯಿ?" ಎಂದು ಕೇಳಿದಳು ದಾಕ್ಷಾಯಣಿ.

"ವೈನೀ, ವಿಜ್ಞಾನ ಮಾತಾಡೋವಾಗ ಉಪ್ಪಿನಕಾಯಿ ತರಬ್ಯಾಡ್ರಿ!"

ಮೊದಲು ಕೂತವಳು ಅತ್ತೆ ಪಾರವ್ವ. ಮೊಣಕಾಲು ನೋವಿನ ಹೆಸರಿನಲ್ಲಿ ಆಕೆ ಮೆಟ್ಟಿಲು ಹತ್ತುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಮುಚ್ಚಳ ಇಳಿಯಿತು. ಸೂಜಿಗಳು ಕಿರಕಿರನೆ ಓಡಾಡಿ ತಮ್ಮ ಜಾಗ ಹುಡುಕಿಕೊಂಡವು. ಆಮೇಲೆ ಕುರ್ಚಿಯೇ ಮಾತಾಡಿತು.

"ಪ್ರಯಾಣಿಕರ ಗಮನಕ್ಕೆ. ಒಂದು ಮೊಣಕಾಲು ನೋವು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ."

ದಾಕ್ಷಾಯಣಿ ಹಣೆ ಒತ್ತಿಕೊಂಡಳು. "ಈ ದನೀ ಎಲ್ಲಿಂದ ತಂದಿ ತಮ್ಮಾ?"

"ಗುಜರ್‍ಯಾಗ ಸಿಕ್ತು. ಯಾವ್ದೋ ಬಸ್‌ಸ್ಟ್ಯಾಂಡಿನ ಹಳೇ ಪೆಟಿಗಿ."

ವಾರವೆಲ್ಲ ಕಿವಿಯಲ್ಲಿ ಕೂಗುವ ಆ ಧ್ವನಿ ಭಾನುವಾರ ಮನೆಗೇ ಬಂದು ಕೂತಿತ್ತು!

ಆದರೆ ಪಾರವ್ವ ಎದ್ದಳು. ನಡೆದಳು. ಮಾಳಿಗೆಯ ಮೆಟ್ಟಿಲು ಹತ್ತಿ ಹೋದವಳು ಅಲ್ಲಿಂದಲೇ ಕೂಗಿದಳು: "ಏ ತೋಂಟ್ಯಾ, ಇಲ್ಲಿ ಎಷ್ಟು ಹೊಲಸು ಮಾಡಿಟ್ಟೀರಲೇ!"

ಎಲ್ಲರೂ ಬೆರಗಾದರು. ದಾಕ್ಷಾಯಣಿಯ ಎದೆಯಲ್ಲೂ ಏನೋ ಒಂದು ಮಿಣುಕಿತು. ಅವಳ ಗಂಡ ಅಂದಾನಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದ. ಬಾಯಿಯಲ್ಲಿ ಗುಟಕಾ ಇಲ್ಲದಿದ್ದರೆ ಅವನಿಗೆ ಅಕ್ಷರವೇ ಕಾಣುತ್ತಿರಲಿಲ್ಲ. ಹೋದ ತಿಂಗಳು ಡಾಕ್ಟರು ಅವನ ಬಾಯಿಗೆ ಟಾರ್ಚು ಹಿಡಿದು ಕೆನ್ನೆಯೊಳಗಿನ ಬಿಳಿ ಮಚ್ಚೆಯನ್ನು ತೋರಿಸಿದ್ದರು. ಈಗ ಬಿಟ್ಟರೆ ಬಚಾವು, ಬಿಡದಿದ್ದರೆ ನಾನು ಮಾತು ಕೊಡಲಾರೆ ಎಂದಿದ್ದರು. ಅವನು ಆಸ್ಪತ್ರೆಯ ಗೇಟಿನಲ್ಲೇ ಪ್ಯಾಕೆಟ್ಟು ಎಸೆದ. ಬಸ್‌ಸ್ಟಾಪು ಮುಟ್ಟುವಷ್ಟರಲ್ಲಿ ಇನ್ನೊಂದು ಕೊಂಡ.

"ಕೂಡ್ರಿ," ಎಂದಳು ದಾಕ್ಷಾಯಣಿ.

"ಸೂಜಿ ಭಾಳ ಅದಾವಲ್ಲ ದಾಕ್ಷೀ..."

"ಕೂಡ್ರಿ!"

"ಪ್ರಯಾಣಿಕರ ಗಮನಕ್ಕೆ. ಒಂದು ಚಟ ಹೊರಡಲಿದೆ," ಎಂದಿತು ಕುರ್ಚಿ. ಅಂದಾನಪ್ಪ ಎದ್ದವನೇ ಕಿಸೆಯ ಪ್ಯಾಕೆಟ್ಟು ತೆಗೆದು, ಮೂಸಿ, ಮುಖ ಸಿಂಡರಿಸಿ ಗಟಾರಕ್ಕೆ ಎಸೆದ. ದಾಕ್ಷಾಯಣಿಯ ಕಣ್ಣಲ್ಲಿ ನೀರು ಬಂತು. ಅದೇ ಸಂತೋಷದಲ್ಲಿ ತಾನೂ ಕೂತಳು, ಹಿಮ್ಮಡಿ ನೋವನ್ನು ಕಳೆದುಕೊಂಡಳು. ಕೊನೆಗೆ ತೋಂಟೇಶ, ನನಗೇನೂ ಇಲ್ಲ, ಬರೀ ತಲಿಬಿಸಿ ತೆಗೆಸಿಕೊಳ್ಳುತ್ತೇನೆ ಎಂದು ತಾನೇ ಏರಿದ.

ಕುರ್ಚಿ ಬಹಳ ಹೊತ್ತು ಹುಡುಕಿತು. "ಪ್ರಯಾಣಿಕರ ಗಮನಕ್ಕೆ. ಈ ತಲೆಯಲ್ಲಿ ಯಾವುದೇ ಚಿಂತೆ ಕಂಡುಬಂದಿಲ್ಲ."

ಅದು ದಾಕ್ಷಾಯಣಿಗೆ ಮೊದಲೇ ಗೊತ್ತಿತ್ತು. ಅವನ ಚಿಂತೆಗಳೆಲ್ಲ ಇದ್ದದ್ದು ಅವಳ ತಲೆಯಲ್ಲಿ.

*

ಮರುದಿನ ಬಸ್ಸು ಡಂಬಳದಲ್ಲಿ ನಿಂತಾಗ ದಾಕ್ಷಾಯಣಿಯ ಕಣ್ಣು ಗೂಡಂಗಡಿಯ ಮೇಲೆ ಬಿತ್ತು. ಅಲ್ಲಿ ಗುಟಕಾ ಪ್ಯಾಕೆಟ್ಟುಗಳ ಸರ ತೂಗಾಡುತ್ತಿತ್ತು. ಅದನ್ನು ಇಷ್ಟು ವರ್ಷ ಅವಳು ಸರಿಯಾಗಿ ನೋಡಿಯೇ ಇರಲಿಲ್ಲ. ಇವತ್ತು ನೋಡಿದರೆ ಏನು ಚೆಂದ! ಬಿಸಿಲಿಗೆ ಜರಿಯಂತೆ ಹೊಳೆಯುತ್ತಿದೆ! ಬಾಯಿಯ ತುಂಬ ನೀರು ಬಂತು. ನಾಲಿಗೆ ತಾನಾಗಿಯೇ ಕೆನ್ನೆಯ ಒಳಗೆ ಏನನ್ನೋ ತಡಕಿತು.

ಬಸ್ಸು ಹೊರಟ ಮೇಲೆ ತಲೆ ಸಿಡಿಯತೊಡಗಿತು. ಚಿಲ್ಲರೆ ಕೇಳಿದವರ ಮೇಲೆ ರೇಗಿದಳು. ಚೀಲದಲ್ಲಿದ್ದ ಲವಂಗ ಅಗಿದಳು, ಸಾಲಲಿಲ್ಲ. ಒಬ್ಬ ಅಜ್ಜನಿಗೆ ಟಿಕೆಟ್ ಹರಿದಳು, ಹರಿದದ್ದನ್ನು ಬಾಯಿಗೆ ಹಾಕಿಕೊಂಡಳು.

"ಯವ್ವಾ," ಎಂದ ಅಜ್ಜ ಗಾಬರಿಯಲ್ಲಿ, "ಅದು ನನ್ನ ಟಿಕೀಟು!"

ಡ್ರೈವರು ಕನ್ನಡಿಯಲ್ಲಿ ನೋಡಿ, "ಮೇಡಮ್ಮಾರ, ನಾಷ್ಟಾ ಆಗಿಲ್ಲೇನ್ರಿ?" ಎಂದ.

ಅವಳು ಅಜ್ಜನಿಗೆ ಇನ್ನೊಂದು ಟಿಕೆಟ್ ಕೊಟ್ಟು ಕಂಬ ಹಿಡಿದು ನಿಂತಳು. ಅದು ಯಾವ ಆಸೆ ಎಂದು ಈಗ ಗೊತ್ತಾಯಿತು. ಗಂಡನ ಅಂಗಿ ಒಗೆಯುವಾಗ ಹೊಡೆಯುತ್ತಿದ್ದ ಆ ಸಿಹಿಯಾದ ಹಾಳು ವಾಸನೆ ಈಗ ಅವಳದೇ ಗಂಟಲಿನೊಳಗಿತ್ತು. "ಬಿಡಬೇಕಂದ್ರ ಬಿಡಬೇಕ್ರಿ, ಅದರಾಗೇನೈತಿ" ಎಂದು ಅವಳು ಅವನಿಗೆ ಎಷ್ಟು ಸಲ ಹೇಳಿದ್ದಳೋ.

ಸಂಜೆ ಮನೆಗೆ ಬಂದರೆ ಅಲ್ಲಿ ಬೇರೆಯೇ ಗದ್ದಲ. ಅಂದಾನಪ್ಪ ಗೋಡೆ ಹಿಡಿದುಕೊಂಡು ಕುಂಟುತ್ತಿದ್ದ.

"ಅವ್ವಾ, ನಿನ್ನ ಮೊಣಕಾಲು ನನಗ ಬಂದೈತಿ! ಇದೇನಿದು, ಒಳಗ ಯಾರೋ ಗರಗಸ ಹಾಕಿಧಂಗ!"

"ಹೌದಾ?" ಎಂದಳು ಪಾರವ್ವ, ಮಾಳಿಗೆಯಿಂದ ಚಕಚಕನೆ ಇಳಿಯುತ್ತಾ. "ನಾ ಅಂದಾಗ ನಾಟಕ ಅಂತಿದ್ದೆಲ್ಲ. ಈಗ ನೀ ಮಾಡು ನಾಟಕ, ನಾ ನೋಡತೀನಿ!"

ತೋಂಟೇಶ ಮಾತ್ರ ಮೂಲೆಯಲ್ಲಿ ತುದಿಗಾಲಿನ ಮೇಲೆ ನಿಂತಿದ್ದ. ಹಿಮ್ಮಡಿ ನೆಲಕ್ಕೆ ತಾಗಿದರೆ ಸಾಕು, ಕಿರುಚುತ್ತಿದ್ದ.

"ವೈನೀ, ಇಂಥಾ ಕಾಲ ಇಟಗೊಂಡು ನೀವು ಬಸ್ಸಿನ್ಯಾಗ ಹೆಂಗ ನಿಲ್ಲತಿದ್ರಿ?"

"ನಿಲ್ಲತಿದ್ನಿ," ಎಂದಳು ದಾಕ್ಷಾಯಣಿ. "ಏನಾಗೇತಿ ಅದನ್ನ ಹೇಳು."

ಆದದ್ದು ಇಷ್ಟು: ಭರಣಿ ಹಿಡಿಯುವುದು ಒಬ್ಬರದ್ದನ್ನು ಮಾತ್ರ. ಮತ್ತೊಬ್ಬರು ಕೂತಾಗ ಅವರದ್ದು ಒಳಗೆ ಹೋಗಿ, ಒಳಗಿದ್ದದ್ದು ಒಂದು ರಾತ್ರಿ ಕಳೆದು ಅವರಿಗೇ ಬರುತ್ತದೆ. ತಾಯಿಯ ಮೊಣಕಾಲು ಮಗನಿಗೆ, ಅವನ ಚಟ ಹೆಂಡತಿಗೆ, ಅವಳ ಹಿಮ್ಮಡಿ ಮೈದುನನಿಗೆ. ಭರಣಿ ಈಗ ಖಾಲಿ.

"ಚಿಂತಿಲ್ಲ," ಎಂದ ತೋಂಟೇಶ. ಅವನಿಗೆ ಯಾವತ್ತೂ ಇರಲಿಲ್ಲ. "ಮೋಟಾರು ಉಲ್ಟಾ ತಿರುಗಿಸಿದ್ರ ಮುಗೀತು. ಯಾರದು ಅವರಿಗೆ!"

"ನನಗ ಬ್ಯಾಡ!" ಎಂದು ಪಾರವ್ವ ಮತ್ತೆ ಮೆಟ್ಟಿಲು ಹತ್ತಿಬಿಟ್ಟಳು. "ಹಿಡೀರಿ ನೋಡೋಣು!"

ದಾಕ್ಷಾಯಣಿ ಗಂಡನ ಮುಖ ನೋಡಿದಳು. ಅವನು ನೋವಿಗೆ ಹಲ್ಲು ಕಚ್ಚಿದ್ದ. ಆ ಹಲ್ಲಿನ ಪಕ್ಕದಲ್ಲೇ ಆ ಬಿಳಿ ಮಚ್ಚೆ ಇತ್ತು. ಉಲ್ಟಾ ತಿರುಗಿಸಿದರೆ ಚಟ ವಾಪಸು ಹೋಗುವುದು ಅಲ್ಲಿಗೇ.

"ನನಗೂ ಬ್ಯಾಡ," ಎಂದಳು. "ಅದು ನನ್ನ ಹತ್ರನ ಇರಲಿ. ಇವರ ಕೈಲೆ ಆಗಲಿಲ್ಲ. ನಾನ ಬಿಡತೀನಿ."

ಅಡುಗೆ, ಒಗೆತ, ಡ್ಯೂಟಿ, ಲೈಟ್ ಬಿಲ್ಲು. ಈಗ ಗಂಡನ ಗುಟಕಾ ಬಿಡುವ ಕೆಲಸವೂ ಅವಳದ್ದೇ ಆಯಿತು.

*

ಆ ವಾರ ಕಷ್ಟದ ವಾರ. ನಿದ್ದೆ ಹತ್ತುತ್ತಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಒಂದು ಸಲ ಸಕ್ಕರೆ. ಟಿಕೆಟ್ ತಿನ್ನುವ ಕಂಡಕ್ಟರು ಎಂದು ಮುಂಡರಗಿಯ ತನಕ ಹೆಸರಾಯಿತು. ಕಾಲೇಜಿನ ಹುಡುಗಿಯರು "ಆಂಟೀ, ಖಾರ ಹಚ್ಚಿ ಕೊಡಲೇನ್ರಿ" ಎಂದು ಚೇಷ್ಟೆ ಮಾಡಿದರು. ನಗಲಿಕ್ಕೂ ಅವಳಿಗೆ ಬೇಸರ.

ಶುಕ್ರವಾರ ಮಧ್ಯಾಹ್ನ ಗದಗ ಬಸ್‌ಸ್ಟ್ಯಾಂಡಿನಲ್ಲಿ ಅವಳ ಕಾಲುಗಳು ಅವಳ ಮಾತು ಕೇಳಲಿಲ್ಲ. ಪಾನಂಗಡಿಯ ಮುಂದೆ ಹೋಗಿ ನಿಂತವು. ಕೈ ಮುಂದೆ ಚಾಚಿತು. ಆಗ ಯಾರೋ ಆ ಕೈಯಲ್ಲಿ ಒಂದು ಕಾಗದದ ಪೊಟ್ಟಣ ಇಟ್ಟರು. ಒಳಗೆ ಹುರಿದ ಸೋಂಪು, ಜೀರಿಗೆ, ಲವಂಗ.

ಅಂದಾನಪ್ಪ. ಮೊಣಕಾಲು ಹಿಡಿದುಕೊಂಡು ಪ್ರೆಸ್ಸಿನಿಂದ ಅಲ್ಲಿಯ ತನಕ ನಡೆದು ಬಂದಿದ್ದ. ಬೆವರಿನಲ್ಲಿ ಅಂಗಿ ಮೈಗಂಟಿತ್ತು.

"ನೀವ್ಯಾಕ ಬಂದ್ರಿ, ಈ ಕಾಲು ಇಟಗೊಂಡು?"

"ನನಗ ಗೊತ್ತೈತಲ್ಲ ದಾಕ್ಷೀ, ಈ ಹೊತ್ತಿಗೆ ಅದು ಹೆಂಗ ಕಾಡತೈತಿ ಅಂತ." ಅವನು ಕಟ್ಟೆಯ ಮೇಲೆ ಕುಸಿದ. "ನಂದು ನನಗ ಕೊಟ್ಟುಬಿಡು."

"ಕೊಟ್ರ ನಿಮ್ಮ ಬಾಯಿ ಏನಾಗಬೇಕು?"

"ನಿನ್ನ ಬಾಯೇನು ಕಬ್ಬಿಣದ್ದೇನು?"

ಇಬ್ಬರೂ ಸೋಂಪು ಅಗಿಯುತ್ತಾ ಕೂತರು. ಬಸ್ಸು ಹೊರಡುವ ಹೊತ್ತಿಗೆ ಡ್ರೈವರು ಬಂದು ಕರೆಯಬೇಕಾಯಿತು.

*

ಭಾನುವಾರ ದಾಕ್ಷಾಯಣಿ ಮೈಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಅಂದಾನಪ್ಪ ಕುರ್ಚಿಯಲ್ಲಿ ಕೂತಾಗಿತ್ತು.

"ಇಳೀರಿ ಕೆಳಗ!"

"ಇಳಿಯಂಗಿಲ್ಲ. ತೋಂಟ್ಯಾ, ಉಲ್ಟಾ ತಿರುಗಸು. ನನ್ನ ಚಟ ನಾ ಬಿಡತೀನಿ. ಬಿಡಲಿಲ್ಲಂದ್ರ ನನ್ನ ಹೆಸರು ಬ್ಯಾರೆ ಇಡ್ರಿ."

"ಆ ಮಾತು ಭಾಳ ಸಲ ಕೇಳೇನಿ, ಇಳೀರಿ!"

ಅವಳು ಅವನ ರಟ್ಟೆ ಹಿಡಿದು ಜಗ್ಗಿದಳು. ಅವನು ಕುರ್ಚಿಯ ಕೈ ಬಿಡಲಿಲ್ಲ. ಎಳೆದಾಟದಲ್ಲಿ ಅವಳೇ ಅವನ ತೊಡೆಯ ಮೇಲೆ ಬಿದ್ದಳು, ಮುಚ್ಚಳ ದಡಕ್ಕನೆ ಇಬ್ಬರ ಮೇಲೂ ಇಳಿಯಿತು. "ಅಯ್ಯಯ್ಯೋ, ಇದು ಒಬ್ಬರ ಸೀಟು!" ಎಂದು ತೋಂಟೇಶ ತುದಿಗಾಲಲ್ಲಿ ಕುಪ್ಪಳಿಸಿ ಬಂದು ಬರಿಗೈಯಿಂದ ಮುಚ್ಚಳ ಎತ್ತಲು ಹೋದ. ಸೂಜಿಗಳು ಅವನ ಅಂಗೈಯನ್ನೂ ಬಿಡಲಿಲ್ಲ.

"ಪ್ರಯಾಣಿಕರ ಗಮನಕ್ಕೆ," ಎಂದಿತು ಕುರ್ಚಿ. ಧ್ವನಿ ಸ್ವಲ್ಪ ನಡುಗಿತು. "ಒಂದು ಚಟ ಬಿಟ್ಟುಹೋಗಿದೆ. ವಾರಸುದಾರರು ಯಾರು?"

"ನಂದು!" ಎಂದ ಅಂದಾನಪ್ಪ.

"ಸುಳ್ಳು! ನಂದು!" ಎಂದಳು ದಾಕ್ಷಾಯಣಿ.

"ದಯವಿಟ್ಟು ಒಬ್ಬರು ಮಾತ್ರ..."

"ನಂದ ಅಂತ ಹೇಳಿದ್ನೆಲ್ಲ!" ಎಂದರು ಇಬ್ಬರೂ ಒಟ್ಟಿಗೆ.

"ನನ್ನ ಮೊಣಕಾಲು ಮಾತ್ರ ಯಾರದಾದ್ರೂ ಆಗಲಿ!" ಎಂದು ಮಾಳಿಗೆಯಿಂದ ಪಾರವ್ವ ಸೇರಿಸಿದಳು.

ಕುರ್ಚಿ ಗರಗರನೆ ತಿರುಗಿತು. ಆ ಕಡೆ ತಿರುಗಿತು, ಈ ಕಡೆ ತಿರುಗಿತು. ಭರಣಿಯ ನೀರು ಕೊತಕೊತ ಕುದಿಯಿತು. ಯಾರಿಗೆ ಯಾವುದನ್ನು ಕೊಡಬೇಕೆಂದು ತಿಳಿಯದೆ ಕೊನೆಗೆ ಅದು ಎಲ್ಲವನ್ನೂ ತಾನೇ ಇಟ್ಟುಕೊಂಡುಬಿಟ್ಟಿತು! ಠಸ್ ಎಂದು ಸದ್ದಾಯಿತು. ಮುಚ್ಚಳ ಮೇಲೆದ್ದಿತು. ಮೂವರೂ ನೆಲದ ಮೇಲೆ ಬಿದ್ದಿದ್ದರು.

ಅಂದಾನಪ್ಪ ಕಾಲು ಮಡಚಿ ನೋಡಿದ, ನೋವಿಲ್ಲ. ತೋಂಟೇಶ ಹಿಮ್ಮಡಿ ಊರಿದ, ಕಿರುಚಲಿಲ್ಲ. ದಾಕ್ಷಾಯಣಿ ನಾಲಿಗೆಯನ್ನು ಕೆನ್ನೆಯ ಸುತ್ತ ಆಡಿಸಿದಳು. ಬರೀ ಸೋಂಪಿನ ರುಚಿ.

ಆಗ ಕುರ್ಚಿ ನಿಧಾನವಾಗಿ, ನರಳುತ್ತಾ ಹೇಳಿತು: "ಪ್ರಯಾಣಿಕರ ಗಮನಕ್ಕೆ... ಅಯ್ಯೋ ಯವ್ವಾ... ಮೊಣಕಾಲು."

ಅದಕ್ಕೆ ಮೊಣಕಾಲೇ ಇರಲಿಲ್ಲ. ಇದ್ದದ್ದು ಒಂದು ಕಬ್ಬಿಣದ ಕಂಬ. ಅಂದಿನಿಂದ ಅದು ಯಾರನ್ನೂ ಮೇಲೆ ಕೂರಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಸ್ವಿಚ್ಚು ಹಾಕಿದರೆ, "ಇಂದು ಸೇವೆ ಇರುವುದಿಲ್ಲ, ನಿಲ್ಲಲಿಕ್ಕೆ ಆಗುತ್ತಿಲ್ಲ" ಎನ್ನುತ್ತದೆ. ಬಾಗಿಲ ಮುಂದೆ ಯಾರಾದರೂ ಹಾದು ಹೋದರೆ ಅಂಗಲಾಚುವ ಧ್ವನಿಯಲ್ಲಿ, "ಒಂದ ಒಂದು ಪ್ಯಾಕೆಟ್ಟು" ಎನ್ನುತ್ತದೆ. ತೋಂಟೇಶ ತಪ್ಪಿಸಿಕೊಳ್ಳಲಾರದೆ ದಿನಾ ಅದರ ಕಂಬಕ್ಕೆ ಬಿಸಿ ಔಡಲೆಣ್ಣೆ ತಿಕ್ಕುತ್ತಾನೆ. ಪಾರವ್ವ ಪಕ್ಕದಲ್ಲಿ ಕೂತು, ಸ್ವಲ್ಪ ಮೇಲೆ ತಿಕ್ಕು, ನೋವು ಅಲ್ಲಿ ಇರುತ್ತದೆ ಎಂದು ಹೇಳಿಕೊಡುತ್ತಾಳೆ.

ಅಂದಾನಪ್ಪನ ಕೈ ಈಗಲೂ ಪ್ರೂಫ್ ನೋಡುವಾಗ ಕಿಸೆಗೆ ಹೋಗುತ್ತದೆ. ಅಲ್ಲಿ ಸೋಂಪಿನ ಪೊಟ್ಟಣ ಇರುತ್ತದೆ. ಡಾಕ್ಟರು ಮತ್ತೆ ಟಾರ್ಚು ಹಿಡಿದು ನೋಡಿ, ಮಚ್ಚೆ ಬೆಳೆದಿಲ್ಲ, ಹೀಗೇ ಇರಿ ಎಂದರು. ದಾಕ್ಷಾಯಣಿಯ ಹಿಮ್ಮಡಿಗಳೋ, ಬಸ್ಸಿನಲ್ಲಿ ನಿಂತೂ ನಿಂತೂ ತಿಂಗಳೊಳಗೆ ಹೊಸದಾಗಿ ಅದೇ ನೋವನ್ನು ಸಂಪಾದಿಸಿಕೊಂಡವು. ಗಂಡ ಹೆಂಡತಿ ಸೇರಿ ಹುಬ್ಬಳ್ಳಿಯ ಆ ಸೂಜಿ ಡಾಕ್ಟರ ಹತ್ತಿರ ಹೋದರು.

ಆಕೆ ವಯಸ್ಸಾದ ಹೆಂಗಸು, ಸಾವಕಾಶದ ಕೈ. ದಾಕ್ಷಾಯಣಿಯನ್ನು ಮಲಗಿಸಿ, ಒಂದೊಂದೇ ಸೂಜಿ ಇಟ್ಟು, ಫ್ಯಾನು ಹಾಕಿ, ಅರ್ಧ ಗಂಟೆ ಅಲ್ಲಾಡಬೇಡಿ, ಯಾರ ಜೊತೆಗೂ ಮಾತಾಡಬೇಡಿ ಎಂದು ಹೇಳಿ ಪರದೆ ಎಳೆದು ಹೋದರು. ವಾಪಸು ಬಂದು ಕೇಳಿದರು:

"ಹೆಂಗನ್ನಿಸ್ತದ ಈಗ? ನೋವೇನರೆ ಕಡಿಮಿ ಆತೇನು?"

ದಾಕ್ಷಾಯಣಿ ಕಣ್ಣು ತೆರೆಯಲಿಲ್ಲ. "ನೋವಿಂದು ಆಮ್ಯಾಲೆ ನೋಡೋಣ್ರಿ," ಎಂದಳು. "ಇನ್ನೊಂದೀಟು ಸೂಜಿ ಇದ್ರ ಹಾಕಿ ಹೋಗ್ರಿ."